ಹತ್ತು ಎಣಿಸುವಷ್ಟು ಹೊತ್ತು

ಮಗಳು ಸಲಿಕೆಯನ್ನು ಗೊಬ್ಬರದ ಗುಡ್ಡೆಗೆ ಚುಚ್ಚಿ ಎತ್ತಿದಾಗ ಒಳಗಿನಿಂದ ಹಬೆ ಎದ್ದಿತು. ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಹನ್ನೆರಡಕ್ಕೆ ಮಸಣಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ಈಗಿನ್ನೂ ಎಂಟೂವರೆ.

"ಅಲ್ವೇ, ನಿನಗೇನು ತಲೆ ಕೆಟ್ಟಿದೆಯಾ?" ಹಿತ್ತಿಲ ಬಾಗಿಲಿಂದ ಸೋದರತ್ತೆ ಕೂಗಿದಳು. "ಜನ ಬರೋ ಹೊತ್ತಲ್ಲಿ ಗೊಬ್ಬರ ಕೆದಕ್ತಾ ನಿಂತಿದೀಯಲ್ಲ!"

"ಇವತ್ತೇ ತಿರುವಬೇಕು ಅತ್ತೆ. ಅಪ್ಪ ಬರೆದಿಟ್ಟಿದಾರೆ."

ಸಾಮಾನಿನ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೂರು ತಾರೀಕುಗಳಿದ್ದವು. ಮೊದಲನೆಯದನ್ನು ಅಪ್ಪನೇ ಹೊಡೆದುಹಾಕಿದ್ದ. ಎರಡನೆಯದು ಇವತ್ತಿನದು.

"ಹೋದವರಿಗೆ ತಾರೀಕು ಗೊತ್ತಾಗುತ್ತೇನೆ?"

"ಗುಡ್ಡೆಗೆ ಗೊತ್ತಾಗುತ್ತೆ."

ಅತ್ತೆಯ ಹಿಂದೆಯೇ ತಮ್ಮ ಬಂದ. ರಾತ್ರಿಯೆಲ್ಲ ಅತ್ತು ಅವನ ಕಣ್ಣು ಊದಿಕೊಂಡಿತ್ತು. "ಅಕ್ಕಾ, ಬಿಡು ಅದನ್ನ. ಗಾಡಿಯವನಿಗೆ ಹೇಳಿದೀನಿ, ಹತ್ತು ಗಂಟೆಗೆ ಬಂದು ಎಲ್ಲಾ ತುಂಬ್ಕೊಂಡು ಹೋಗ್ತಾನೆ. ಇಲ್ಲಿ ಕುರ್ಚಿ ಹಾಕ್ಬೇಕು. ಬಂದೋರು ಮೂಗು ಮುಚ್ಕೊಂಡು ಕೂತ್ರೆ ಅಪ್ಪನ ಮರ್ಯಾದೆ ಏನಾಗ್ಬೇಕು?"

"ಇದು ಯಾವ ಪಾತಿಗೆ ಅಂತ ಗೊತ್ತಿದ್ದೂ ಹೇಳ್ತಿದೀಯಾ? ಹಾಗಾದ್ರೆ ನನ್ನನ್ನೂ ಸೇರಿಸಿ ತುಂಬ್ಕೊಂಡು ಹೋಗ್ಲಿ," ಎಂದು ಅವಳು ಇನ್ನೊಂದು ಸಲಿಕೆ ಎತ್ತಿದಳು.

*

ಅಪ್ಪನದು ಎರಡು ಕುರ್ಚಿಯ ಕಟಿಂಗ್ ಶಾಪು. ಮನೆ ಕಟ್ಟಿದವರು ಹಿತ್ತಿಲಿಗೆ ಒಡೆದ ಇಟ್ಟಿಗೆ, ಸಿಮೆಂಟು ಸುರಿದು ಕೈ ತೊಳೆದುಕೊಂಡಿದ್ದರು. ಮೊದಲ ಸಲ ಅಗೆದಾಗ ಅಪ್ಪನಿಗೆ ಸಿಕ್ಕಿದ್ದು ಅರ್ಧ ಚಪ್ಪಲಿ ಮತ್ತು ಗುದ್ದಲಿಯಿಂದ ಹಾರಿದ ಕಿಡಿ. ಅವನು ಜಗ್ಗುವ ಪೈಕಿಯಲ್ಲ. ಅಡುಗೆಮನೆಯ ಸಿಪ್ಪೆ, ಒಣಗಿದೆಲೆ, ಸಗಣಿ ಎಲ್ಲ ಗುಡ್ಡೆ ಹಾಕಿದ. ಸಂಜೆ ಅಂಗಡಿ ಗುಡಿಸಿದ ಕೂದಲನ್ನೂ ಚೀಲದಲ್ಲಿ ತಂದ.

ಮೊದಲ ವರ್ಷ ಆ ಕೂದಲನ್ನು ಹಾಸಿಗೆ ಹಾಸಿದಂತೆ ಒಂದೇ ಪದರವಾಗಿ ಹಾಸಿಬಿಟ್ಟ. ಅದು ಕಂಬಳಿಯಂತೆ ಗಟ್ಟಿಯಾಗಿ, ನೀರೂ ಇಳಿಯದೆ ಗಾಳಿಯೂ ಆಡದೆ, ಕೆಳಗಿದ್ದದ್ದೆಲ್ಲ ಕೊಳೆತು ನಾರಿತು. ಅಕ್ಕಪಕ್ಕದವರು ವಾರವಿಡೀ ಕಿಟಕಿ ತೆರೆಯಲಿಲ್ಲ. ಅಮ್ಮ ತವರಿಗೆ ಹೋಗಿ ಕೂತಳು. ಅದಾದ ಮೇಲೆ ಅಪ್ಪ ಕೂದಲನ್ನು ಪಲ್ಯಕ್ಕೆ ಉಪ್ಪು ಉದುರಿಸುವಂತೆ ಉದುರಿಸುವುದನ್ನು ಕಲಿತ. ಮೊಣಕೈವರೆಗೆ ಕೈ ತೂರಿಸಿ ಹತ್ತು ಎಣಿಸುವುದನ್ನೂ ಕಲಿತ. ಹತ್ತರ ತನಕ ಬಿಸಿ ತಡೆಯಲಾಗದಿದ್ದರೆ ಗುಡ್ಡೆ ತಿರುವಬೇಕು, ತಡೆದರೆ ಸುಮ್ಮನೆ ಬಿಡಬೇಕು.

ಹನ್ನೊಂದು ವರ್ಷದಲ್ಲಿ ಎಂಟು ಪಾತಿಗಳ ಮಣ್ಣು ಕಪ್ಪಾಯಿತು. ಉಳಿದದ್ದು ಅಡುಗೆಮನೆ ಕಿಟಕಿಯ ಕೆಳಗಿನ ಒಂದೇ ಪಾತಿ. ಸಿಮೆಂಟು ಕಲಸಿದ್ದ ಜಾಗ ಅದು. ಅಮ್ಮ ಅಲ್ಲಿ ಮೂರು ಸಲ ಗುಲಾಬಿ ನೆಟ್ಟಳು, ಮೂರು ಸಲವೂ ಒಣಗಿತು.

"ಬೀದಿಗೆಲ್ಲ ಬೆಂಡೆಕಾಯಿ ಹಂಚ್ತೀರಿ. ನನಗೆ ಒಂದು ಹೂವಿಗೆ ಗತಿಯಿಲ್ಲ," ಎನ್ನುತ್ತಿದ್ದಳು.

ಹೋದ ವಾರ ಹೊಸ ಗುಡ್ಡೆ ಹಾಕಿ ಅಪ್ಪ ಹೇಳಿದ್ದ: "ಇದು ಪೂರ್ತಿ ನಿನ್ನ ಪಾತಿಗೆ ಕಣೇ. ಬೇಕಾದ್ರೆ ಕೈ ಹಾಕಿ ನೋಡು."

"ನಿಮ್ಮ ಗೊಬ್ಬರಕ್ಕೆ ಈ ಜನ್ಮದಲ್ಲಿ ಕೈ ಹಾಕಲ್ಲ ನಾನು."

ಅಪ್ಪ ನಕ್ಕು, ಬಾಗಿಲ ಮೇಲೆ ತಿರುವುವ ಮೂರು ತಾರೀಕು ಬರೆದಿದ್ದ.

*

ಹತ್ತಕ್ಕೆ ಸರಿಯಾಗಿ ಗಾಡಿ ಬಂದು ಹಾರ್ನ್ ಹೊಡೆಯಿತು. ಹಿತ್ತಿಲಲ್ಲಿ ನಿಂತಿದ್ದ ಜನರೆಲ್ಲ ತಿರುಗಿ ನೋಡಿದರು. ಮಗಳು ಗುಡ್ಡೆಗೆ ಅಡ್ಡ ನಿಂತಳು. ಅರ್ಧ ಮಾತ್ರ ತಿರುವಿ ಆಗಿತ್ತು.

"ಎಲ್ಲಿಗಪ್ಪಾ ಸಾಗಿಸ್ತೀಯ ಅದನ್ನ?" ಬೋಳುತಲೆಯ ಮೇಷ್ಟ್ರು ತಮ್ಮನನ್ನು ಕೇಳಿದರು. ಅವರು ಅಂಗಡಿಯ ಹಳೇ ಗಿರಾಕಿ. "ನನ್ನ ತಲೇಲಿದ್ದದ್ದೆಲ್ಲ ಅದರಲ್ಲೇ ಇರೋದು. ಇನ್ನು ನನ್ನ ಹತ್ರ ಏನೂ ಉಳಿದಿಲ್ಲ."

ಯಾರೋ ನಕ್ಕರು, ನಕ್ಕವರೇ ನಾಲಿಗೆ ಕಚ್ಚಿಕೊಂಡರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಅಮ್ಮ ಹೊರಗೆ ಬಂದಳು. ನಿನ್ನೆ ಸಂಜೆಯಿಂದ ಅವಳು ಅಪ್ಪನ ಪಕ್ಕದಿಂದ ಎದ್ದಿರಲಿಲ್ಲ. ಜನ ದಾರಿ ಬಿಟ್ಟರು. ಮುಗೀತು, ಇವಳೇ ಎತ್ತಿಸಿಬಿಡುತ್ತಾಳೆ ಎಂದು ಮಗಳು ಸಲಿಕೆಯನ್ನು ಬಿಗಿಯಾಗಿ ಹಿಡಿದಳು.

"ಎಷ್ಟು ಎಣಿಸ್ಬೇಕು?" ಅಮ್ಮ ಕೇಳಿದಳು.

"ಹತ್ತು."

ಅಮ್ಮ ರವಿಕೆಯ ತೋಳು ಮೇಲೇರಿಸಿ, ತಿರುವದೆ ಉಳಿದಿದ್ದ ಅರ್ಧಕ್ಕೆ ಮೊಣಕೈವರೆಗೆ ಕೈ ತೂರಿಸಿದಳು. ಆರು ಎಣಿಸುವಷ್ಟರಲ್ಲೇ ಅವಳು ಮುಖ ಕಿವುಚಿದಳು. ಕೈ ಹೊರಗೆಳೆದುಕೊಂಡಳು.

"ತಡೆಯಲ್ಲ. ಒಳಗೆ ಕುದೀತಿದೆ," ಎಂದು ಮಗನ ಕಡೆ ನೋಡಿದಳು. "ನಿಂತಿದೀಯಲ್ಲೋ. ಗಾಡಿ ಕಳಿಸು. ಇನ್ನೊಂದು ಸಲಿಕೆ ತಗೊಂಡು ಬಾ."

ತಮ್ಮ ಗಾಡಿಯವನನ್ನು ವಾಪಸ್ ಕಳಿಸಿದ. ಆಮೇಲೆ ಕೋಣೆಯಿಂದ ಅಪ್ಪನ ಸಲಿಕೆ ತಂದ. ಅಕ್ಕ ತಮ್ಮ ಎದುರುಬದುರು ನಿಂತು ಹನ್ನೊಂದರೊಳಗೆ ಉಳಿದರ್ಧವನ್ನು ತಿರುವಿ ಮುಗಿಸಿದರು. ಬಾಗಿಲ ಮೇಲಿನ ಎರಡನೆಯ ತಾರೀಕನ್ನು ತಮ್ಮನೇ ಹೊಡೆದುಹಾಕಿದ.

ಹನ್ನೆರಡಕ್ಕೆ ಎತ್ತುವವರು ನಡುಮನೆಗೆ ಬಂದರು.

"ಕೈ ಆದ್ರೂ ತೊಳ್ಕೋ ಅತ್ತಿಗೆ," ಅತ್ತೆ ಪಿಸುಗುಟ್ಟಿದಳು. "ಹೊತ್ತಾಯ್ತು."

"ಸ್ವಲ್ಪ ತಡೀರಿ."

ಅಮ್ಮ ಕಪ್ಪು ಮೆತ್ತಿದ ಆ ಕೈಯನ್ನೇ ಅಪ್ಪನ ತಣ್ಣಗಿನ ಅಂಗೈಯೊಳಗೆ ಇಟ್ಟಳು. ಅವಳ ತುಟಿಗಳು ಮೆಲ್ಲಗೆ ಅಲುಗಾಡುತ್ತಿದ್ದವು. ಮಗಳೂ ಮನಸ್ಸಿನಲ್ಲೇ ಎಣಿಸತೊಡಗಿದಳು. ಹತ್ತಾಯಿತು. ಅಮ್ಮ ಕೈ ತೆಗೆಯಲಿಲ್ಲ.