ಎಡತೋಳಿನ ಚೀಟಿ

ತೂಕ ಇಳಿಸುವ ಆಪರೇಷನ್ನಿಗೆ ಮುಂಚಿನ ತಪಾಸಣೆ ಕೋಣೆಯಲ್ಲಿ ಗೋಡೆಗೆ ಒತ್ತಿ ಮೂರು ಕುರ್ಚಿಗಳಿದ್ದವು. ಮೂರನೆಯದರಲ್ಲಿ ತಾಳೆ ಸಿಸ್ಟರ್ ಯಾರನ್ನೂ ಕೂರಿಸುತ್ತಿರಲಿಲ್ಲ. ಅದರ ಕಾಲು ಅಲ್ಲಾಡುತ್ತದೆ ಎಂದು ಸುಳ್ಳು ಹೇಳುತ್ತಿದ್ದಳು. ಅಲ್ಲಿ ಅವಳ ಅಕ್ಕ ಕೂರುತ್ತಿದ್ದಳು. ಅಕ್ಕ ಸತ್ತು ಎರಡು ವರ್ಷವಾಗಿತ್ತು.

ಹಾಡುಹಗಲಲ್ಲೇ ಬರುತ್ತಿದ್ದಳು ಪುಣ್ಯಾತ್ಗಿತ್ತಿ. ಮಾತಿಲ್ಲ, ಕತೆಯಿಲ್ಲ. ತನ್ನ ಪೇಸ್‌ಮೇಕರಿನ ಕಾರ್ಡನ್ನು ತಂಗಿಯತ್ತ ಚಾಚಿ ಹಿಡಿದಿರುತ್ತಿದ್ದಳು. ತಂಗಿ ಕಣ್ಣು ಮಿಟುಕಿಸಿದರೆ ಬರೀ ಕುರ್ಚಿ.

ಪರವೂರಿನ ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆಯುವಾಗ ಮೇಜಿನ ಮೇಲೇ ಅಕ್ಕನ ಹೃದಯ ನಿಂತಿತ್ತು. "ಪೇಸ್‌ಮೇಕರ್ ಹೊಂದಿಸೋ ಅವರ ಮೆಷೀನು ಕೆಟ್ಟಿತ್ತಂತಮ್ಮ. ಕಾಯೋಕೆ ಟೈಮ್ ಇರ್ಲಿಲ್ವಂತೆ" ಎಂದು ಭಾವ ಫೋನಿನಲ್ಲಿ ಅತ್ತಿದ್ದರು. ತಾಳೆ ಸಿಸ್ಟರ್ ಅಲ್ಲಿನ ಟೆಕ್ನಿಷಿಯನ್ನನ್ನು ಹುಡುಕಿ ಫೋನಿನಲ್ಲೇ ಜಾಡಿಸಿದ್ದಳು. "ಕಾರ್ಡಲ್ಲಿದ್ದ ಕಂಪನಿ ಮೆಷೀನೇ ತಂದಿದ್ದೆ ಮೇಡಂ, ಅದು ಮಾತಾಡ್ಲೇ ಇಲ್ಲ" ಎಂದು ಅವನು ಗೋಗರೆದ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಅವಳು ಬಾಯಿ ಮುಚ್ಚಿಸಿದಳು. ದೂರನ್ನೂ ಬರೆದಳು. ಅವನ ಕೆಲಸ ಹೋಯಿತು. ಆಗ ಅವಳಿಗೆ ಸ್ವಲ್ಪ ಸಮಾಧಾನವೂ ಆಗಿತ್ತು, ಮುಚ್ಚಿಡುವುದೇಕೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಹೆಂಗಸು ಎಂದೇ ಆಸ್ಪತ್ರೆಯವರು ಅವಳಿಗೆ ‘ತಾಳೆ’ ಎಂಬ ಅಡ್ಡಹೆಸರಿಟ್ಟಿದ್ದರು. ರೋಗಿಯ ಮೈಯೊಳಗೆ ಏನೇ ಕೂರಿಸಿದ್ದರೂ ಅದರ ಕಂಪನಿ, ನಂಬರು ತಾಳೆ ನೋಡದೆ ಅವಳು ಯಾರನ್ನೂ ಥಿಯೇಟರಿಗೆ ಬಿಡುತ್ತಿರಲಿಲ್ಲ.

ಅಂದು ಬಂದಾಕೆ ಬೇಕರಿ ನಡೆಸುವವಳು. ಮರುದಿನ ಬೆಳಿಗ್ಗೆ ಆಕೆಯ ಹೊಟ್ಟೆಯ ಚೀಲ ಕಿರಿದು ಮಾಡುವುದಿತ್ತು. "ಬ್ರೆಡ್ ಉಬ್ಬೋದು ನೋಡಿ ನೋಡಿ ನಾನೂ ಉಬ್ಬಿದೆ ಸಿಸ್ಟರ್" ಎಂದು ನಕ್ಕು, ಚೀಲದಿಂದ ಪೇಸ್‌ಮೇಕರಿನ ಕಾರ್ಡು ತೆಗೆದುಕೊಟ್ಟಳು. ಹಾಕಿಸಿಕೊಂಡು ಆರು ವರ್ಷ. ಒಮ್ಮೆಯೂ ಅದನ್ನು ತಪಾಸಣೆ ಮಾಡಿಸಿರಲಿಲ್ಲ. "ಚೆನ್ನಾಗಿದ್ದೆ, ಯಾಕೆ ಬರ್ಲಿ?" ಎಂದಳು. ಅಕ್ಕನೂ ಹಾಗೆಯೇ ಅನ್ನುತ್ತಿದ್ದಳು.

ಕಾರ್ಡಿನ ಮೇಲೆ ನೀಲಿ ಡಬ್ಬಿ ಕಂಪನಿಯ ಚೀಟಿ ಇತ್ತು. ಥಿಯೇಟರಿನವರು ಕಂಪನಿಗಳನ್ನು ಡಬ್ಬಿಯ ಬಣ್ಣದಿಂದಲೇ ಕರೆಯುತ್ತಿದ್ದರು. ಕೆಳಗೆ ತಾಳೆ ಸಿಸ್ಟರದೇ ಸಹಿ. ತಾರೀಖು ನೋಡಿ ಅವಳು ಕಾರ್ಡನ್ನು ಬೆಳಕಿಗೆ ಹಿಡಿದಳು. ಅಕ್ಕನಿಗೆ ಇದೇ ಥಿಯೇಟರಿನಲ್ಲಿ ಪೇಸ್‌ಮೇಕರ್ ಕೂರಿಸಿದ್ದೂ ಅದೇ ದಿನ.

ನೀಲಿ ಕಂಪನಿಯ ಮೆಷೀನು ಹೊತ್ತು ಟೆಕ್ನಿಷಿಯನ್ ಬಂದ. ಕೊಯ್ಯಲು ಬಳಸುವ ಕರೆಂಟಿನಿಂದ ಪೇಸ್‌ಮೇಕರ್ ಗೊಂದಲಕ್ಕೆ ಬಿದ್ದು ಸುಮ್ಮನಾಗಬಾರದು. ಅದಕ್ಕಾಗಿ ಅದನ್ನು ಮೊದಲೇ ಹೊಂದಿಸಬೇಕು. ಆದರೆ ಒಂದು ಕಂಪನಿಯ ಮೆಷೀನು ಇನ್ನೊಂದರ ಪೇಸ್‌ಮೇಕರಿನ ಜೊತೆ ಮಾತಾಡುವುದಿಲ್ಲ. ಅವನು ಮೆಷೀನಿನ ವೈರಿನ ತುದಿಯ ಬಿಲ್ಲೆಯನ್ನು ಆಕೆಯ ಎದೆಯ ಮೇಲಿಟ್ಟ. ಪರದೆ ಖಾಲಿ. ಸರಿಸಿ ಇಟ್ಟ. ಖಾಲಿ.

"ಮೆಷೀನು ಕೆಟ್ಟಿರ್ಬೇಕು ಸಿಸ್ಟರ್" ಎಂದ.

ತಾಳೆ ಸಿಸ್ಟರ್ ತಿರುಗಿದಳು. ಅಕ್ಕ ಬಂದು ಕೂತಿದ್ದಳು. ಎರಡು ವರ್ಷದಲ್ಲಿ ಮೊದಲ ಸಲ ತಂಗಿ ಆ ಮುಖ ಬಿಟ್ಟು ಕಾರ್ಡನ್ನು ನೋಡಿದಳು. ಅದರ ಮೇಲಿದ್ದುದೂ ತನ್ನದೇ ಅಕ್ಷರ.

"ಎದೆಯ ಎಕ್ಸ್‌ರೇ ತೆಗೆಸಿ" ಎಂದಳು.

ಎಕ್ಸ್‌ರೇಯಲ್ಲಿ ಪೇಸ್‌ಮೇಕರಿನ ಒಳಗಿನ ಗುರುತು ಕಾಣುತ್ತದೆ. ಅದು ಬಿಳಿ ಡಬ್ಬಿ ಕಂಪನಿಯದು. ಬಿಳಿ ಕಂಪನಿಯ ಮೆಷೀನು ತರಿಸಿ ಇಟ್ಟ ಕೂಡಲೇ ಪರದೆಯ ತುಂಬ ಗೆರೆಗಳು ಓಡಿದವು.

ತಾಳೆ ಸಿಸ್ಟರಿಗೆ ಆರು ವರ್ಷದ ಹಿಂದಿನ ಆ ದಿನ ಕಣ್ಣಿಗೆ ಕಟ್ಟಿತು. ಡಬ್ಬಿ ಒಡೆದ ಕೂಡಲೇ ಚೀಟಿ ಕಿತ್ತು ತೋಳಿಗೆ ಅಂಟಿಸಿಕೊಳ್ಳುವುದು ಅವಳ ಪದ್ಧತಿ. ಮೊದಲ ರೋಗಿಯದು ಎಡತೋಳಿಗೆ, ಎರಡನೆಯದು ಬಲತೋಳಿಗೆ. ಸಂಜೆ ಗೌನು ತೊಟ್ಟುಕೊಂಡೇ ಕಾರ್ಡುಗಳಿಗೆ ಹಚ್ಚುತ್ತಿದ್ದಳು. ಎಂದೂ ತಪ್ಪಿದ್ದಿಲ್ಲ. ಆ ದಿನ ಮಾತ್ರ ಅಕ್ಕ ಕಣ್ಣು ಬಿಟ್ಟಳೆಂದು ಗೌನು ಕಳಚಿ ಎದುರಿನ ಮೊಳೆಗೆ ನೇತುಹಾಕಿ ಅವಳ ಬಳಿ ಕೂತಿದ್ದಳು. ಒಂದು ಕೈಯಲ್ಲಿ ಅಕ್ಕನ ಕೈ. ಇನ್ನೊಂದು ಕೈ ಚಾಚಿ, ತನ್ನ ಎಡಕ್ಕಿದ್ದ ತೋಳಿನ ಚೀಟಿಯನ್ನು ಮೊದಲ ಕಾರ್ಡಿಗೆ, ಉಳಿದದ್ದನ್ನು ಎರಡನೆಯದಕ್ಕೆ ಹಚ್ಚಿದಳು. ನಮ್ಮತ್ತ ಮುಖ ಮಾಡಿ ತೂಗುವ ಗೌನಿನ ಬಲತೋಳು ನೋಡುವವರ ಎಡಕ್ಕೆ ಬರುತ್ತದೆ. ಮೊದಲ ರೋಗಿ ಬೇಕರಿಯಾಕೆ, ಎರಡನೆಯವಳು ಅಕ್ಕ. ಊರಿನವರದೆಲ್ಲ ತಾಳೆ ನೋಡುವವಳು ಅಕ್ಕನದನ್ನು ಮಾತ್ರ ಮತ್ತೆ ನೋಡಲಿಲ್ಲ, ಸ್ವಂತ ಅಕ್ಕ ಎಂದು.

"ಯಾರೋ ತಪ್ಪು ಹಚ್ಚಿದ್ರಾ?" ಎಂದು ಬೇಕರಿಯಾಕೆ ಕೇಳಿದಳು.

"ಯಾರೋ ಅಲ್ಲ. ನಾನೇ."

"ಹೋಗ್ಲಿ ಬಿಡಿ. ಸಿಕ್ತಲ್ಲ. ಯಾರಿಗೂ ಏನೂ ಆಗ್ಲಿಲ್ವಲ್ಲ" ಎಂದು ಆಕೆ ಅವಳ ಕೈ ತಟ್ಟಿದಳು. ಆ ತಟ್ಟುವಿಕೆಯನ್ನು ತಾಳೆ ಸಿಸ್ಟರಿಗೆ ತಡೆದುಕೊಳ್ಳಲಾಗಲಿಲ್ಲ.

ಅವಳು ಹಳೆಯ ಕಾರ್ಡಿಗೆ ಅಡ್ಡಗೆರೆ ಎಳೆದು ಹೊಸದು ಬರೆದಳು, ಮೂರು ಸಲ ತಾಳೆ ನೋಡಿದಳು. ಟೆಕ್ನಿಷಿಯನ್ ವೈರು ಸುತ್ತುತ್ತಾ, "ಹಾಗಾದ್ರೆ ನೀಲಿಯದು ಇನ್ನೊಬ್ಬರ ಎದೇಲಿದೆ ಸಿಸ್ಟರ್. ಅವರಿಗೂ ಬೇಗ ಹೇಳ್ಬೇಕು. ಯಾರದು?" ಎಂದ.

ಅವಳು ಮೂರನೆಯ ಕುರ್ಚಿ ನೋಡಿದಳು. ಕಣ್ಣು ಮಿಟುಕಿಸುವ ಮೊದಲೇ ಅದು ಖಾಲಿಯಾಗಿತ್ತು.

"ಅವಳಿಗೆ ಗೊತ್ತಿದೆ" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅವಳು ಫೋನ್ ಹಿಡಿದು ಹೊರಗೆ ಓಣಿಗೆ ಬಂದಳು. ಎರಡನೇ ರಿಂಗಿಗೇ ಭಾವ ಎತ್ತಿಕೊಂಡು, ಎಂದಿನಂತೆ ಅಕ್ಕರೆಯಿಂದ "ಏನಮ್ಮ, ಚೆನ್ನಾಗಿದ್ದೀಯಾ?" ಎಂದರು.

"ಭಾವ" ಎಂದಳು, "ಆವತ್ತು ಮೆಷೀನು ಕೆಟ್ಟಿರಲಿಲ್ಲ."