ನಮ್ಮವನು ಅನ್ನುವ ಒಂದು ಮಾತು

ದರ್ಜಿ ಕೆಲಸದ ಆ ಹೆಂಗಸಿಗೆ ಬೇಕಾಗಿದ್ದದ್ದು ಒಂದೇ ಮಾತು. ‘ಅವನು ನಮ್ಮವನು, ಮೈಕು ಕೊಟ್ಟು ಕಳಿಸಿದ್ದು ನಾವೇ’ ಎಂದು ಮುಸ್ಲಿಂ ಹಕ್ಕುಗಳ ಸಂಘದ ಅಧ್ಯಕ್ಷರು ಕೋರ್ಟಿನಲ್ಲಿ ಹೇಳಿಬಿಟ್ಟರೆ ಗಂಡ ಮನೆಗೆ ಬರುತ್ತಾನೆಂದು ವಕೀಲರು ಹೇಳಿದ್ದರು. ತಮ್ಮ ಬೀದಿಯ ಮನೆಗಳನ್ನು ಕೆಡವಬಾರದೆಂದು ಸಂಘವೇ ಕರೆದ ಮೆರವಣಿಗೆ ಅದು. ಪೊಲೀಸರನ್ನು ಕಂಡದ್ದೇ ತಡ, ಮುಂದಿದ್ದ ದೊಡ್ಡವರೆಲ್ಲ ಗಲ್ಲಿ ಹಿಡಿದರು. ಕೈಮೈಕು ಹಿಡಿದು ಕೂಗುತ್ತಲೇ ಇದ್ದ ಈ ಪುಣ್ಯಾತ್ಮ ಸಿಕ್ಕಿಬಿದ್ದ. ಗಲಭೆ ಎಬ್ಬಿಸಿದನೆಂದು ಕೇಸು.

ಅಂದಿನಿಂದ ಅವಳು ಸಂಘದ ಮೆಟ್ಟಿಲು ಸವೆಸಿದ್ದೇ ಸವೆಸಿದ್ದು. ಅಧ್ಯಕ್ಷರದ್ದು ಬಟ್ಟೆ ಅಂಗಡಿ. ಮಾತೂ ಅಷ್ಟೇ ನಯ.

“ಚುನಾವಣೆ ಒಂದು ಮುಗೀಲಿ ತಂಗಿ. ಈಗ ಬಾಯಿಬಿಟ್ರೆ ಎಲ್ಲಾ ಕೆಡುತ್ತೆ.”

“ಮನೆ ಕೆಡವೋಕೆ ಬಂದ ಪಾರ್ಟಿಗೇ ವೋಟು ಹಾಕಿಸ್ತೀರಾ ಅಣ್ಣಾ?”

“ಒಳಗೆ ಸೇರ್ಕೊಂಡೇ ಕೆಲಸ ಮಾಡಿಸ್ಕೋಬೇಕಮ್ಮ. ನಾಳೆ ಸಭೇಲಿ ಅಭ್ಯರ್ಥಿಗೆ ನೀನೇ ಹೂಗುಚ್ಛ ಕೊಡು. ನಿನ್ನ ಗಂಡನ ವಿಷಯ ಅವರ ಕಿವಿಗೆ ನಾನು ಹಾಕ್ತೀನಿ.”

ಮುಖಕ್ಕೆ ಉಗಿದು ಬರಬೇಕೆನ್ನಿಸಿತು. ಆದರೆ ಹಾಗೆ ಉಗಿದರೆ ಜೈಲಿನ ಬಾಗಿಲು ತೆರೆಯುತ್ತದೆಯೇ? ಹಾಳು ಆಸೆ, ಅವಳನ್ನು ವೇದಿಕೆಯವರೆಗೂ ಎಳೆದುಕೊಂಡು ಹೋಯಿತು.

ಸಭಾಂಗಣ ಕಿಕ್ಕಿರಿದಿತ್ತು. ಹೂಗುಚ್ಛ ಹಿಡಿದು ಪಕ್ಕದಲ್ಲೇ ನಿಂತವಳ ಕಡೆ ತಿರುಗಿಯೂ ನೋಡದೆ ಅಭ್ಯರ್ಥಿ ಮಾತಾಡಿದರು.

“ಇಲ್ಲಿನ ಜನ ಶಾಂತಿ ಬಯಸೋರು. ಅವತ್ತು ಗಲಾಟೆ ಮಾಡಿದ ಪುಂಡನಿಗೂ ನಮಗೂ ಸಂಬಂಧವೇ ಇಲ್ಲ ಅಂತ ನಿಮ್ಮ ಅಧ್ಯಕ್ಷರೇ ಪೊಲೀಸರ ಮುಂದೆ ಹೇಳಿದ್ದಾರೆ. ಅಂಥವರು ನಮ್ಮ ಜೊತೆಗಿರೋದು ನಮ್ಮ ಭಾಗ್ಯ.”

ಅಧ್ಯಕ್ಷರು ಏನನ್ನೂ ಹೇಳದೆ ಉಳಿದಿದ್ದಾರೆ ಎಂದಲ್ಲವೇ ಅವಳು ತಿಳಿದಿದ್ದದ್ದು? ಇವರು ಆಗಲೇ ಹೇಳಿ ಮುಗಿಸಿದ್ದರು. ಅಧ್ಯಕ್ಷರನ್ನು ನೋಡಿದಳು. ಅವರು ತೋಳಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು.

ಹೂಗುಚ್ಛ ಕೊಡುವ ಬದಲು ಅವಳು ಮೈಕಿಗೆ ಬಾಯಿ ಕೊಟ್ಟಳು.

“ಆ ಕೈಮೈಕಿನ ಚೀಲ ಹೊಲಿದವಳು ನಾನು. ಅದರ ಮೇಲೆ ಸಂಘದ ಹೆಸರು ಹಾಕಿದ್ದೂ ನಾನೇ. ಅವರು ನಿಮ್ಮವರಲ್ಲ ಅಂದ್ರೆ...”

ದನಿ ನಿಂತುಹೋಯಿತು. ಮೈಕಿನ ಸ್ವಿಚ್ಚಿನ ಮೇಲೆ ಅಧ್ಯಕ್ಷರ ಕೈಯಿತ್ತು. ಅವಳು ಕೂಗುತ್ತಲೇ ಇದ್ದಳು, ಗಂಟಲು ಹರಿಯುವಂತೆ. ಹಿಂದಿನ ಸಾಲಿನವರಿಗೆ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಮೈಕು ನಿಂತದ್ದಕ್ಕೆ ಭಾಷಣ ಮುಗಿಯಿತೆಂದುಕೊಂಡು ಅವರು ಜೋರಾಗಿ ಚಪ್ಪಾಳೆ ತಟ್ಟಿದರು.