ಹತ್ತೊಂಬತ್ತನೇ ಕಲಮು

"ಹತ್ತೊಂಬತ್ತನೇ ಕಲಮು ತೆಗೆದುಬಿಡಿ ರಾಯರೇ. ಮಧ್ಯಾಹ್ನ ಓಟಿಗೆ ಹಾಕ್ತಾರೆ," ಎಂದರು ಹೊಳೆಯಾಚೆಯ ಊರುಗಳಿಂದ ಶಾಸನಸಭೆಗೆ ಆರಿಸಿಬಂದ ಸದಸ್ಯರು, ಕುರ್ಚಿಯ ತುದಿಯಲ್ಲಿ ಕೂತು.

ಮಸೂದೆ ಬರೆಯುವವನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಗಿರಣಿಗಳಲ್ಲಿ ತಿರುಗುವ ಯಂತ್ರದ ಬೆಲ್ಟು ಪಟ್ಟಿಗಳಿಗೆ ಕಬ್ಬಿಣದ ಹೊದಿಕೆ ಹಾಕಿಸಲೇಬೇಕು ಎನ್ನುವ ಕಲಮು ಅದು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ಬೇರೆಯವರ ಮಾತಿಗೆ ಕಾನೂನಿನ ಅಂಗಿ ತೊಡಿಸಿದ್ದೇ ಹೆಚ್ಚು. ಇದೊಂದನ್ನು ಮಾತ್ರ ತಾನಾಗಿ ಬರೆದು, ಇದೇ ಸದಸ್ಯರ ಬೆನ್ನು ಬಿದ್ದು ಸೇರಿಸಿದ್ದ. ತಮ್ಮನ ಬಲಗೈಯನ್ನು ಹಿಟ್ಟಿನ ಗಿರಣಿಯ ಪಟ್ಟಿ ಎಳೆದುಕೊಂಡು ಮೂರು ವರ್ಷವಾಗಿತ್ತು.

"ನೀವೇ ಸಭೇಲಿ ಗಂಟಲು ಹರಿಯೋ ಹಾಗೆ ಮಾತಾಡಿದ್ರಲ್ಲ ಸ್ವಾಮಿ."

"ಮಾತಾಡ್ದೆ. ಅದು ಇವತ್ತೂ ಸುಳ್ಳಲ್ಲ. ಆದ್ರೆ ಗಿರಣಿ ಕಡೆಯೋರ ಹತ್ರ ಒಂಬತ್ತು ಓಟಿದೆ. ಈ ಕಲಮು ಕೈಬಿಟ್ರೆ ನನ್ನ ಹೊಳೆ ಸೇತುವೆಗೆ ಆ ಓಟು ಹಾಕ್ತಾರೆ. ಹೋದ ವರ್ಷ ಹೆರಿಗೆ ನೋವಲ್ಲಿ ಒಬ್ಬಳು ದೋಣೀಲೇ ಹೋಗ್ಬಿಟ್ಲು. ಅವಳಪ್ಪ ದಿನಾ ನನ್ನ ಬಾಗಿಲಿಗೆ ಬರ್ತಾನೆ. ಗಿರಣಿ ಯಜಮಾನರು ಹದಿನಾಲ್ಕೇ ಜನ, ಅವರೂ ದಿನಾ ಬರ್ತಾರೆ. ನಾಳೆ ಕೈ ಕಳ್ಕೊಳ್ಳೋನು ಹೇಗೆ ಬರ್ತಾನೆ ಹೇಳಿ? ಅದು ತಾನೇ ಅಂತ ಅವನಿಗಿನ್ನೂ ಗೊತ್ತೇ ಇಲ್ಲ."

ಸದಸ್ಯರು ಎದ್ದು ಹೋದರು. ಅವನು ಅಡಿಪಟ್ಟಿ ಇಟ್ಟು ಐದು ಸಾಲು ಹೊಡೆದುಹಾಕಿದ. ಆಮೇಲೆ ಇಪ್ಪತ್ತನ್ನು ಹತ್ತೊಂಬತ್ತು ಮಾಡಿದ, ಇಪ್ಪತ್ತೊಂದನ್ನು ಇಪ್ಪತ್ತು, ಹೀಗೆ ಕೊನೆಯವರೆಗೂ.

ಮೊಗಸಾಲೆಯ ಬೆಂಚಿನ ಮೇಲೆ ತಮ್ಮ ಕೂತಿದ್ದ, ಇಸ್ತ್ರಿ ಹಾಕಿದ ಅಂಗಿ ತೊಟ್ಟು. ಅಣ್ಣನನ್ನು ಕಂಡದ್ದೇ ತೊಡೆಯ ಮೇಲಿದ್ದ ಹಾಳೆಯನ್ನು ಎತ್ತಿ ತೋರಿಸಿದ.

"ಕಲಮು ಬೇಕು ಅಂತ ಗಿರಣೀಲಿ ಕೈ ಕಳ್ಕೊಂಡ ಹನ್ನೊಂದು ಜನದ ಸಹಿ ತಂದಿದೀನಿ ಅಣ್ಣಾ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಅಂತ ಬೈಬೇಡ. ಹನ್ನೊಂದು ಜನಕ್ಕೂ ಸೇರಿ ಹತ್ತೇ ಕೈ. ಒಬ್ಬ ಬಾಯಲ್ಲಿ ಪೆನ್ನು ಕಚ್ಚಿ ಬರೆದ."

"ಕಲಮು ಹೋಯ್ತು ಕಣೋ. ನಾನೇ ತೆಗೆದೆ."

ತಮ್ಮ ಹಾಳೆಯನ್ನು ಮೆಲ್ಲಗೆ ಕೆಳಗಿಳಿಸಿದ. "ಯಾರಿಗೆ ಬೇಡವಾಯ್ತು?"

"ಬೇಡ ಅಂತ ನನ್ನ ಮುಂದೆ ಯಾರೂ ಅನ್ನಲಿಲ್ಲ. ಸೇತುವೆ ಬೇಕು ಅಂದ್ರು."

"ಸೇತುವೆ ಒಳ್ಳೇದೇ ಅಲ್ವಾ," ಎಂದ ತಮ್ಮ. ಹಾಳೆಯನ್ನು ಎಡಗೈಯಲ್ಲೇ ಮಡಚಿ ಜೇಬಿಗಿಟ್ಟ. "ಆ ಜಾಗ ಖಾಲಿ ಬಿಟ್ಟಿದೀಯಾ?"

"ಬಿಡೋ ಹಾಗಿಲ್ಲ. ಮುಂದಿಂದು ಸರಿದು ಆ ನಂಬರಿಗೆ ಬರುತ್ತೆ. ಓದೋರಿಗೆ ಏನೂ ಗೊತ್ತಾಗಲ್ಲ."

"ಮೈಗೂ ಹಂಗೇ ಆಗೋದಾಗಿದ್ರೆ ಚೆನ್ನಾಗಿತ್ತು," ಎಂದು ತಮ್ಮ ನಗಲು ನೋಡಿದ.

ಇಬ್ಬರೂ ಮೆಟ್ಟಿಲಿಳಿದರು. ಬಾಗಿಲ ಕಾವಲಿನವನು ಹೊರಹೋಗುವವರ ಪುಸ್ತಕವನ್ನು ಮುಂದಕ್ಕೆ ತಳ್ಳಿದ. ಮೇಲೆ ಫ್ಯಾನು ತಿರುಗುತ್ತಿತ್ತು. ತಮ್ಮ ಎಡಗೈಯಲ್ಲಿ ಪೆನ್ನು ಊರುವಷ್ಟರಲ್ಲಿ ಪುಸ್ತಕದ ಹಾಳೆ ಗಾಳಿಗೆ ಎದ್ದುಬಿಡುತ್ತಿತ್ತು. ಅಣ್ಣ ಅಂಗೈಯನ್ನು ಪುಟದ ಮೇಲೆ ಅಗಲವಾಗಿ ಊರಿದ. ತಮ್ಮ ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆಯತೊಡಗಿದ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು.